ಹೆಂಡತಿಯನ್ನು ಕರೆತಂದರೆ ಮಾತ್ರ ಕ್ಯಾರಿಯರ್

ಬೆಟಗೇರಿಯಲ್ಲಿ ಸೂರ್ಯ ತಾನಾಗಿಯೇ ಹುಟ್ಟುವುದಿಲ್ಲ. ಮೊದಲು ಕಳಕವ್ವ ಯಾರನ್ನಾದರೂ ಬೈಯಬೇಕು. ಆ ದನಿಗೆ ಎಚ್ಚರಗೊಂಡು, ಇನ್ನೇನು ತನಗೂ ಬೀಳುತ್ತದೆಂದು ಹೆದರಿ, ಓಣಿಯ ಮಾಳಿಗೆಗಳ ಹಿಂದಿನಿಂದ ಅವನು ಕಳ್ಳನ ಹಾಗೆ ಇಣುಕುತ್ತಾನೆ. ಅತ್ತ ಬಿಂಕದಕಟ್ಟಿಯ ಮೃಗಾಲಯದಲ್ಲಿ ಹುಲಿಗಳು ಕಿವಿ ಮಡಚಿಕೊಂಡು ಮಲಗುತ್ತವೆ. ನಂಬದವರು ಹೋಗಿ ಹುಲಿಯನ್ನೇ ಕೇಳಬಹುದು.

"ಹೆಂಡ್ತಿ ಎಲ್ಲಿ?"

ಇವತ್ತಿನ ಮೊದಲ ಬೈಗುಳ ಇದು. ಶಿರಹಟ್ಟಿ ಕಡೆಯಿಂದ ಹಾಲಿನ ಕ್ಯಾನು ಹೇರಿಕೊಂಡು ಬಂದ ಆಳೆತ್ತರದ ಗಂಡಸೊಬ್ಬ ಬೈಕಿನಿಂದ ಇನ್ನೂ ಕಾಲು ಕೆಳಗಿಟ್ಟಿಲ್ಲ.

"ಮನ್ಯಾಗ ಅದಾಳ್ರಿ ಅಕ್ಕಾರ."

"ಮನ್ಯಾಗಿದ್ರ ಕ್ಯಾರಿಯರ್ ನಿಮ್ಮ ಮನಿ ಗ್ವಾಡಿಗೆ ಹಚ್ಚಲೇನು? ಹೋಗು, ಕರ್ಕೊಂಡ ಬಾ."

"ಶಿರಹಟ್ಟಿಯಿಂದ ಬಂದೀನ್ರಿ, ಅಷ್ಟ ದೂರಿಂದ..."

"ಶಿರಹಟ್ಟಿ ಓಡಿ ಹೋಗತೈತೇನು? ಅಲ್ಲೇ ಇರತೈತಿ. ಹೋಗು!"

ಆಳೆತ್ತರದ ಗಂಡಸು ಮೊಣಕಾಲೆತ್ತರವಾಗಿ ಗಾಡಿ ತಿರುಗಿಸುತ್ತಾನೆ. ಖಾಲಿ ಕ್ಯಾನುಗಳು ಓಣಿಯ ತುದಿಯವರೆಗೂ ಅವನ ಮರ್ಯಾದೆಯನ್ನು ಸಾರುತ್ತ ಹೋಗುತ್ತವೆ.

ಬೆಟಗೇರಿಯ ಗಂಡಸರು ಹೇಳುವ ಮಾತೊಂದಿದೆ: ಹೆಂಡತಿ ಪಕ್ಕದಲ್ಲಿಲ್ಲದೆ ನಡೆಯದ ಕಾರ್ಯಗಳು ಎರಡೇ, ಒಂದು ಸತ್ಯನಾರಾಯಣ ಪೂಜೆ, ಇನ್ನೊಂದು ಕಳಕವ್ವನ ಕ್ಯಾರಿಯರ್. ಬೈಕಿಗೆ ಸಾಮಾನು ಹೇರುವ ಕಬ್ಬಿಣದ ಚೌಕಟ್ಟು, ಅದರ ಇಕ್ಕೆಲಕ್ಕೂ ಜೋತುಬೀಳುವ ಜೋಡು ಚೀಲ, ಇವನ್ನು ಅಳೆದು, ಬೆಸೆದು, ಹೊಲಿದು, ಹಚ್ಚಿಕೊಡುವುದು ಇವರ ಕಸುಬು. ಆದರೆ ಬರಿಗಾಡಿ ತಂದರೆ ಮುಟ್ಟುವುದಿಲ್ಲ. ದಿನವೂ ಹೇರುವ ಹೊರೆ ಗಾಡಿಯ ಮೇಲಿರಬೇಕು. ಹಿಂದೆ ಕೂರುವ ಹೆಣ್ಣುಮಗಳು ಸೀರೆಯುಟ್ಟು, ದಿನವೂ ಕೂರುವ ಹಾಗೆಯೇ ಕೂರಬೇಕು. ಮದುವೆಯಾಗದವನು ಅವ್ವನನ್ನು ತರಬೇಕು. ಅವ್ವನೂ ಇಲ್ಲದವನೊಬ್ಬ ಕಳೆದ ವರ್ಷ ಓಣಿಯ ಮುದುಕಿಯೊಬ್ಬಳನ್ನು ಎರವಲು ತಂದು ಕೂರಿಸಿದ್ದನಂತೆ. ಮುದುಕಿಗೆ ಗಾಡಿ ಎಷ್ಟು ಹಿಡಿಸಿತೆಂದರೆ, ಆಕೆ ಸಂಜೆಯವರೆಗೂ ಇಳಿಯಲಿಲ್ಲವಂತೆ.

ಕಳಕವ್ವ ಟೇಪು ಹಿಡಿಯುವುದಿಲ್ಲ. ನೇಕಾರರ ಮನೆಯವರು, ಹತ್ತಿಯ ನೂಲಿನಲ್ಲೇ ಅಳತೆ. ಕೂತವಳ ಮೊಣಕಾಲಿನಿಂದ ಪಾದಕ್ಕೆ ಒಂದು ಗಂಟು, ಪಾದದಿಂದ ಚಕ್ರಕ್ಕೆ ಒಂದು ಗಂಟು, ಸೀರೆಯ ಅಂಚು ಗಾಳಿಗೆ ಎಲ್ಲಿಯವರೆಗೆ ಹಾರುತ್ತದೆಯೋ ಅಲ್ಲಿಗೊಂದು. ಗಂಡನ ಅಳತೆ ಕೊನೆಗೆ, ಅದೂ ಮನಸ್ಸು ಬಂದರೆ.

ಈ ಗಂಟುಗಳೆಲ್ಲ ಒಂದೇ ಒಂದು ಸಾಮಾನಿಗಾಗಿ. ಅದು ಸೀರೆ ಗಾರ್ಡು. ಹಿಂದಿನ ಚಕ್ರದ ಎಡಮಗ್ಗುಲಿಗೆ ಅಡ್ಡವಾಗಿ ನಿಂತಿರುವ ಕಬ್ಬಿಣದ ಜಾಲರಿ, ಅದರ ಬುಡದಲ್ಲಿ ಪಾದ ಊರಲು ಒಂದು ಪಟ್ಟಿ. ಅಡ್ಡ ಕೂತ ಹೆಣ್ಣುಮಗಳ ಸೀರೆಗೂ ತಿರುಗುವ ಚಕ್ರಕ್ಕೂ ನಡುವೆ ಇರುವುದು ಅದೊಂದೇ. ನಮ್ಮ ಗಂಡುಮಕ್ಕಳ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಹೊಸ ಗಾಡಿ ತಂದವನು ಚೆಂದ ಕಾಣುವುದಿಲ್ಲವೆಂದು ಕಿತ್ತೆಸೆಯುತ್ತಾನೆ. ಹಳೆ ಗಾಡಿಯವನು ಇನ್ನೊಂದು ಚೀಲ ಹಿಡಿಯಲೆಂದು ಕಿತ್ತೆಸೆಯುತ್ತಾನೆ. ಗದಗ ಜಿಲ್ಲೆಯಲ್ಲಿ ಹೀಗೆ ಕಿತ್ತೆಸೆದ ಗಾರ್ಡುಗಳನ್ನು ಒಂದರ ಮೇಲೊಂದು ಒಟ್ಟಿದರೆ ಕಪ್ಪತಗುಡ್ಡ ನಾಚಿ ಕೂತುಬಿಡುತ್ತದೆ. ಮುಂದೆ ಕೂತವನಿಗೆ ಕೈಗೆ ಹ್ಯಾಂಡಲ್ಲು, ಕಾಲಿಗೆ ಪಟ್ಟಿ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ. ಹಿಂದೆ ಕೂತವಳಿಗೆ? "ಗಟ್ಟಿ ಹಿಡ್ಕೊ" ಎಂಬ ಒಂದು ಮಾತು. ಅದೂ ರಸ್ತೆಯ ಉಬ್ಬು ದಾಟಿದ ಮೇಲೆ.

"ದಿನಕ್ಕೆ ಎಷ್ಟು ಗಾಡಿ ಹಚ್ಚುತ್ತೀರಿ?" ಎಂದು ಕೇಳುತ್ತೇನೆ. ನೂರು ಎಂದು ಬರೆಯಲು ಪೆನ್ನು ಎತ್ತಿದ್ದೆ. ಅವರು ಎದುರಿಗೇ ನಿಂತಿದ್ದರಿಂದ ಎರಡು ಎಂದು ಬರೆಯಬೇಕಾಯಿತು. "ಹೊರಿ ಹಗೂರ ಇದ್ರ ಮೂರು. ನಾಕನೇದು ಹಚ್ಚಿದ್ರ ಕೈ ಸುಳ್ಳ ಹೇಳಾಕ ಹತ್ತತಾವು" ಎನ್ನುತ್ತಾರೆ.

ಐವತ್ತು ದಾಟಿದ ಕಳಕವ್ವನಿಗೆ ಕಬ್ಬಿಣ ಹುಟ್ಟಿನಿಂದ ಬಂದದ್ದಲ್ಲ. ಗಂಡ ಗೋವಿಂದಪ್ಪ ಈಗಲೂ ಮನೆಯ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಇವರು ಮೂಲೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಮಗ್ಗದ ಕೆಲಸ ಇಬ್ಬರಿಗೆ ಸಾಲದಾದಾಗ, ಎದುರಿನ ಶಫೀಕರ ವೆಲ್ಡಿಂಗ್ ಅಂಗಡಿಗೆ ತಾಡಪತ್ರಿಯ ಜೋಡು ಚೀಲ ಹೊಲಿದುಕೊಡತೊಡಗಿದರು. ಹಿಂದಿನವರು ಎತ್ತಿನ ಬೆನ್ನಿಗೆ ಹಾಕುತ್ತಿದ್ದ ಹಸುಬೆಯದೇ ಹೊಲಿಗೆ. ಎತ್ತು ಹೋಗಿ ಬೈಕು ಬಂದಿತ್ತು, ಅಷ್ಟೇ.

"ಚೀಲ ಚೊಲೋ ಇರ್ತಿದ್ವು, ಅವನ್ನ ಹಚ್ಚೂ ಕಬ್ಣ ಸುಳ್ಳ ಇರ್ತಿತ್ತು" ಎಂದು ಕಳಕವ್ವ ಶಫೀಕರ ಎದುರಿಗೇ ಹೇಳುತ್ತಾರೆ.

ಗೇಟು, ಕಿಟಕಿ ಮಾಡುವ ಶಫೀಕರು ಬಿಳಿ ಗಡ್ಡದೊಳಗೇ ನಗುತ್ತಾರೆ. "ನನ್ನ ಕಬ್ಣಕ್ಕ ಬೈದಾಕಿ ಈ ಊರಾಗ ಈಕಿ ಒಬ್ಬಾಕೀನ ನೋಡ್ರಿ. ಮುಂಜಾನಿ ಬೈಯಾಕಿ, ಸಂಜಿಕ ಬೈಯಾಕಿ. ಕಡೀಕ ಸಾಕಾಗಿ, ತಗೋ ಅವ್ವಾ, ನೀನ ಮಾಡು ಅಂತ ವೆಲ್ಡಿಂಗ್ ಹೋಲ್ಡರ್ ಕೈಯಾಗ ಕೊಟ್ನಿ. ಅವತ್ತಿನಿಂದ ನನಗ ಬೈಯೂದು ಬಿಟ್ಟು ಊರಿಗೆ ಬೈಯಾಕತ್ಯಾಳ. ಬಾಳ ಪುಣ್ಯ ಬಂತು ನನಗ."

ಹೆಂಗಸಿನ ಕೈಯಲ್ಲಿ ಬೆಂಕಿಯೇ ಎಂದು ಮೂಗು ಮುರಿದವರು ಕಡಿಮೆಯೇನಲ್ಲ. ಕಳಕವ್ವನ ಉತ್ತರ ಇಷ್ಟೇ: "ಕಿಡಿಗೆ ಗಂಡಸು ಹೆಂಗಸು ಗೊತ್ತಾಗತೈತೇನ್ರಿ? ಎಲ್ಲಾರ್ನೂ ಸುಡತೈತಿ." ಅವರ ಸೀರೆಗಳಲ್ಲಿ ಕಿಡಿ ಬಿದ್ದ ತೂತುಗಳನ್ನು ನೋಡಿದರೆ ಜರಡಿಗೂ ಅಸೂಯೆಯಾಗಬೇಕು.

ತಾವು ಮಾಡಿದ ಪ್ರತಿ ಕ್ಯಾರಿಯರಿಗೂ ಅವರು ಕೆಂಪು ಬಣ್ಣದ ಎರಡೆಳೆ ಗೆರೆ ಎಳೆಯುತ್ತಾರೆ, ಸೀರೆಗೆ ಅಂಚು ಕೊಟ್ಟ ಹಾಗೆ. ಲಕ್ಷ್ಮೇಶ್ವರದ ಬಜಾರಿನಿಂದ ಮುಂಡರಗಿಯ ಬಸ್‌ಸ್ಟ್ಯಾಂಡಿನವರೆಗೆ ಆ ಕೆಂಪು ಅಂಚು ಕಂಡರೆ ಹೆಣ್ಣುಮಕ್ಕಳು ಕಣ್ಣುಮುಚ್ಚಿ ಹತ್ತುತ್ತಾರೆ.

ಹತ್ತುತ್ತಿದ್ದರು ಎನ್ನಬೇಕು. ಮೂರು ದಿನದ ಹಿಂದಿನವರೆಗೆ.

ಇವತ್ತು ಲಕ್ಷ್ಮೇಶ್ವರದಿಂದ ಹೊನ್ನೇಶ ಬಂದಿದ್ದಾನೆ. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ. ಅವನ ಗಾಡಿ ಬಂತೆಂದರೆ ಹತ್ತು ಊರಿನ ಗುಡಿಯ ಗಂಟೆಗಳನ್ನು ಒಟ್ಟಿಗೆ ಬಾರಿಸಿದಂತೆ. ನಿಯಮದ ಪ್ರಕಾರ ಹೊರೆಯೂ ಇದೆ, ಹೆಂಡತಿ ಮಂಜುಳಾಳೂ ಇದ್ದಾಳೆ. ಕಳಕವ್ವ ನೂಲು ಹಿಡಿದು ಬಗ್ಗುತ್ತಾರೆ.

"ಕುಂಡ್ರವ್ವಾ."

ಮಂಜುಳಾ ಕೂರುವುದಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ದೂರವೇ ನಿಲ್ಲುತ್ತಾಳೆ. "ಇಲ್ರಿ ಅಕ್ಕಾರ. ನಿಮ್ಮ ಕ್ಯಾರಿಯರ್ ಇರೂ ಗಾಡಿ ನಾ ಹತ್ತಂಗಿಲ್ಲ. ಇವ್ರು ಒತ್ತಾಯ ಮಾಡಿ ತಂದಾರ." ಫೋನು ತೆಗೆದು ತೋರಿಸುತ್ತಾಳೆ.

ಚಿತ್ರ ನಾವೆಲ್ಲ ನೋಡಿದ್ದೇ. ಮೂರು ದಿನದಿಂದ ನಾಲ್ಕು ತಾಲ್ಲೂಕಿನ ಫೋನುಗಳಲ್ಲಿ ಅದೇ ಹರಿದಾಡುತ್ತಿದೆ. ಡಂಬಳದ ರಸ್ತೆಯಲ್ಲಿ ಎಡಮಗ್ಗುಲಿಗೆ ಬಿದ್ದ ಬೈಕು. ಒಡೆದ ಚೀಲದಿಂದ ರಸ್ತೆ ತುಂಬ ಚೆಲ್ಲಿದ ಚುರಮರಿ. ಹಿಂದಿನ ಚಕ್ರದೊಳಗೆ ಸುತ್ತಿಕೊಂಡ ಹಸಿರು ಸೀರೆಯ ಚೂರು. ಮೇಲೆ ಎದ್ದು ಕಾಣುವ ಕೆಂಪು ಅಂಚು. ಕೆಳಗೆ ಒಂದು ಸಾಲು: ಕಳಕವ್ವನ ಕ್ಯಾರಿಯರ್ ಮುರಿದು ಹೆಣ್ಣುಮಗಳು ಬಿದ್ದಳು, ಎಲ್ಲರೂ ಹುಷಾರ್.

ಗಾಡಿ ಡಂಬಳದ ಸುನಿಲಕುಮಾರನದು. ಊರೂರಿನ ಅಂಗಡಿಗೆ ಚುರಮರಿ, ಅಂದರೆ ಮಂಡಕ್ಕಿ, ಹಾಕುತ್ತಾನೆ. ಬಿದ್ದವಳು ಅವನ ಹೆಂಡತಿ ಸೌಂದರ್ಯಾ. ಕಳಕವ್ವ ಮೂರು ದಿನದಿಂದ ಫೋನು ಮಾಡುತ್ತಲೇ ಇದ್ದಾರೆ, ಅವನು ಎತ್ತುತ್ತಿಲ್ಲ. ನಿನ್ನೆ ಹೆಂಡತಿಯರನ್ನು ಕರೆದುಕೊಂಡು ಬರುತ್ತೇವೆಂದು ಹೋದವರು ಯಾರೂ ಬಂದಿಲ್ಲ.

"ಎಡಗಡೆ ತೋರ್ಸಿಲ್ಲ ನೋಡು ಇದ್ರಾಗ," ಕಳಕವ್ವ ಫೋನಿಗೆ ಬೆರಳು ಕುಕ್ಕುತ್ತಾರೆ. ಇನ್ನೊಂದು ಸಲ ಕುಕ್ಕಿದ್ದರೆ ಬೆರಳು ಆಚೆ ಬರುತ್ತಿತ್ತು. "ಎಡಗಡೆ ತೋರ್ಸಂತ ಹೇಳು! ನನ್ನ ಗಾರ್ಡ್ ಇದ್ದಿದ್ರ ಸೀರಿ ಹೆಂಗ ಹೋಗತೈತಿ ಗಾಲಿಯೊಳಗ?"

"ಅದು ನನಗ ಹೆಂಗ ಗೊತ್ತಾಗಬೇಕ್ರಿ?" ಮಂಜುಳಾ ದನಿಯೇರಿಸದೆ ಹೇಳುತ್ತಾಳೆ. "ಬಿದ್ರ ಬೀಳಾಕಿ ನಾನು."

ಕಳಕವ್ವ ಸುಮ್ಮನಾಗುತ್ತಾರೆ. ಬೆಟಗೇರಿಯಲ್ಲಿ ಅವರು ಸುಮ್ಮನಾದದ್ದನ್ನು ಕಂಡವರಲ್ಲಿ ಬದುಕಿರುವವನು ಬಹುಶಃ ನಾನೊಬ್ಬನೇ. ಆಮೇಲೆ ಕೈಗವಸು ಕಿತ್ತು ಶಫೀಕರ ಕಡೆ ಒಗೆಯುತ್ತಾರೆ. "ಭಾಯ್, ಅಂಗಡಿ ನೋಡ್ಕೊ. ಮಂಜುಳಾ, ಸಂಜೀತನ ಇಲ್ಲೇ ಇರು. ನಂದ ತಪ್ಪಿತ್ತಂದ್ರ ನಿನ್ನೆದುರಿಗೇ ಈ ಹೋಲ್ಡರ್ ಗಟಾರಕ್ಕ ಒಗೀತೀನಿ. ಖರೆ ಹೇಳ್ತೀನಿ."

ಡಂಬಳದ ಮೇಲೆ ಹೋಗುವ ಮುಂಡರಗಿ ಬಸ್ಸಿಗೆ ಅವರ ಹಿಂದೆ ನಾನೂ ಹತ್ತಿದೆ, ಜಾಗ ಇರಲಿಲ್ಲ. ಅವರ ಮುಖ ನೋಡಿ ಮೂವರು ಎದ್ದು ನಿಂತರು. ದಾರಿಯುದ್ದಕ್ಕೂ ಕಿಟಕಿಯಿಂದ ಹಾದುಹೋಗುವ ಬೈಕುಗಳನ್ನೇ ನೋಡುತ್ತಿದ್ದರು. "ಅಗೋ, ಗಾರ್ಡ್ ಇಲ್ಲ. ಅಗೋ, ಇಲ್ಲ. ಅಯ್ಯ, ಕೂಸು ಬ್ಯಾರೆ ಹಿಡ್ಕೊಂಡ ಕುಂತಾಳ, ಗಾರ್ಡ್ ಇಲ್ಲ. ಇವ್ರ ಕೈಗಿಷ್ಟು..." ಉಳಿದದ್ದನ್ನು ವಾರದ ಪುರವಣಿಯಲ್ಲಿ ಅಚ್ಚು ಹಾಕಲಾಗದು.

ಸುನಿಲಕುಮಾರನ ಮನೆ ಕೆರೆಯ ಕಡೆಯ ಓಣಿಯಲ್ಲಿ. ಕಟ್ಟೆಯ ಮೇಲೆ ಸೌಂದರ್ಯಾ ಎಡಗಾಲು ಚಾಚಿ ಕೂತಿದ್ದಾಳೆ. ಪಾದ ಊದಿ ಕುಂಬಳಕಾಯಿಯಾಗಿದೆ, ಮೊಣಕೈಗೆ ಪಟ್ಟಿ. ಅವಳನ್ನು ಕಂಡದ್ದೇ ಕಳಕವ್ವನ ದನಿ ಎಲ್ಲಿ ಇಳಿಯಿತೋ ಗೊತ್ತಿಲ್ಲ. "ಬಾಳ ನೋವ ಐತೇನವ್ವಾ?"

"ಈಗ ಕಡಿಮಿ ಐತ್ರಿ ಅಕ್ಕಾರ."

ಒಳಗಿನಿಂದ ಬಂದ ಸುನಿಲಕುಮಾರ ಹೊಸ್ತಿಲಲ್ಲೇ ಕಂಬವಾಗುತ್ತಾನೆ. ಗಾಡಿ ಎಲ್ಲಿದೆ ಎಂದರೆ ಗೆಳೆಯ ಒಯ್ದಿದ್ದಾನೆ ಎನ್ನುತ್ತಾನೆ. ಗೆಳೆಯ ಎಲ್ಲಿದ್ದಾನೆ ಎಂದರೆ ಗಾಡಿಯ ಮೇಲಿದ್ದಾನೆ ಎನ್ನುತ್ತಾನೆ.

ಆಗ ಸೌಂದರ್ಯಾ, ಕೆರೆಯ ಕಡೆ ನೋಡುತ್ತ, ಏನೂ ಗೊತ್ತಿಲ್ಲದವಳಂತೆ ಹೇಳುತ್ತಾಳೆ: "ಬಿಸಲಾಗ ಬಂದೀರಿ. ಹಿತ್ತಲಾಗ ನೀರೈತಿ, ಕಾಲ ತೊಳ್ಕೊಳ್ರಿ ಅಕ್ಕಾರ."

"ನೀರು ನಾನ ಇಲ್ಲಿಗೆ ತರ್ತೀನಿ!" ಸುನಿಲಕುಮಾರ ಎಗರಿದ ವೇಗಕ್ಕೆ ಕಟ್ಟೆಯ ಕೋಳಿಗಳು ಊರು ಬಿಟ್ಟವು. ಆದರೆ ಕಳಕವ್ವ ಆಗಲೇ ಹಿತ್ತಲಿನಲ್ಲಿದ್ದರು.

ಬೈಕು ಅಲ್ಲೇ ತಾಡಪತ್ರಿ ಹೊದ್ದು ಮಲಗಿದೆ. ಕ್ಯಾರಿಯರ್ ಎಲ್ಲೂ ಮುರಿದಿಲ್ಲ, ಗೆರೆ ಕೂಡ ಅಳಿಸಿಲ್ಲ. ಎಡಮಗ್ಗುಲು ಮಾತ್ರ ಬರಿದು, ಬೋಲ್ಟಿನ ಎರಡು ತೂತು ಕಣ್ಣು ಬಿಟ್ಟುಕೊಂಡಿವೆ. ಬಚ್ಚಲಿನ ಪಕ್ಕದಲ್ಲಿ ನೆಲಕ್ಕೆ ನೆಟ್ಟಗೆ ಊರಿದ ಕಬ್ಬಿಣದ ಜಾಲರಿ. ಅದರ ಮೇಲೆ ಹಬ್ಬಿದ ಹೀರೆಬಳ್ಳಿ, ಹಳದಿ ಹೂವು, ಬೆರಳುದ್ದದ ಮಿಡಿ. ಎಲೆಗಳ ಸಂದಿಯಲ್ಲಿ ಕೆಂಪು ಅಂಚು.

ಮುಂದಿನ ಗಳಿಗೆಯಲ್ಲಿ ಡಂಬಳದ ಕೆರೆಯ ನೀರು ಒಂದು ಗೇಣು ಆಚೆ ಸರಿಯಿತು ಎಂದು ನಾನು ಹೇಳುತ್ತೇನೆ. ಕೆರೆ ನೋಡುತ್ತಿದ್ದವರು ಇಲ್ಲವೆನ್ನಬಹುದು. ಅವರು ಹಿತ್ತಲಿನಲ್ಲಿರಲಿಲ್ಲ.

"ಯಾಕ ಬಿಚ್ಚಿದಿ?"

"ಬಾಳ ದಿನ ಆತ್ರಿ, ಮೂರನೇ ಚೀಲ ಹಿಡೀಲಿಲ್ಲ... ಗಾರ್ಡ್ ಬಿಚ್ಚಿದ್ರ ಸರಿ ಕುಂದರತಿತ್ತು. ಆಕಿಗೆ ಸೀರಿ ಬಿಗಿ ಹಿಡ್ಕೊ ಅಂತ ಹೇಳಿದ್ನಿ."

"ಒಂದು ಕೈಯಾಗ ಸೀರಿ ಹಿಡೀಬೇಕು, ಒಂದು ಕೈಯಾಗ ನಿನ್ನ ಚುರಮರಿ ಹಿಡೀಬೇಕು. ತನ್ನ ಜೀವ ಎದ್ರಾಗ ಹಿಡೀಬೇಕಲೇ ಆಕಿ? ಹಲ್ಲಾಗ?" ಕಳಕವ್ವ ಒಂದು ಹೆಜ್ಜೆ ಮುಂದಿಡುತ್ತಾರೆ, ಅವನು ಎರಡು ಹಿಂದೆ. "ಊದಿದ್ರ ಹಾರಿ ಹೋಗೂವಂಥಾ ಸಾಮಾನದು. ಚುರಮರಿಗಿಂತ ಹಗೂರ ಆದಳೇನು ನಿನಗ ಹೆಂಡ್ತಿ?"

ಅವನ ಬೆನ್ನು ಬಚ್ಚಲಿನ ಗೋಡೆಗೆ ತಾಗುತ್ತದೆ.

"ಮತ್ತ ಕ್ಯಾರಿಯರ್ ಮುರೀತು ಅಂತ ಊರಿಗೆಲ್ಲಾ ಯಾಕ ಹೇಳಿದಿ?"

"ನಾಗಾವಿಯಿಂದ ಆಕಿ ಅಣ್ಣಂದಿರು ಬಿದ್ದಲ್ಲಿಗೇ ಓಡಿ ಬಂದ್ರು. ಹೆಂಗ ಬಿದ್ಲು ಅಂತ ಕಣ್ಣ ತಗದ ಕೇಳಿದ್ರು. ಬಾಯಿಗೆ ಬಂದಿದ್ದು ಅಂದ್ನಿ. ಫೋನಿಗೆ ಹಾಕಿದಾವ್ರು ಅವ್ರ್ರಿ, ನಾ ಅಲ್ಲ."

ಸೌಂದರ್ಯಾ ಗೋಡೆ ಹಿಡಿದು ಕುಂಟುತ್ತ ಹಿತ್ತಲಿಗೆ ಬಂದಿದ್ದಾಳೆ. "ಅಣ್ಣಾರು ಇವ್ರನ್ನ ಹೊಡದಾರು ಅಂತ ನಾನೂ ಸುಮ್ನಿದ್ನಿ ಅಕ್ಕಾರ. ಅವತ್ತ ಅಳತಿಗೆ ಕುಂತಾಗ ನೀವು ನನ್ನ ಪಾದ ಹಿಡದು ಪಟ್ಟಿ ಮ್ಯಾಲಿಟ್ಟು, ಇಲ್ಲೆ ಇಡವ್ವಾ ಅಂದಿದ್ರಿ. ನೆನಪೈತಿ ನನಗ. ಮೂರು ದಿನದಿಂದ ಅನ್ನ ಸೇರವಲ್ದು." ಗಂಡನ ಕಡೆ ತಿರುಗುತ್ತಾಳೆ. "ನಾ ಬೆಟಗೇರಿಗೆ ಹೋಗಾಕಿ. ಕೇಳಿದಾವ್ರಿಗೆಲ್ಲಾ ಖರೆ ಹೇಳಾಕಿ. ಅಣ್ಣಾರಿಗೂ ಹೇಳತೀನಿ, ಹೊಡದ್ರ ಹೊಡೀಲಿ. ನೀವು ಗಾಡಿ ತಗೊಂಡ ಹಿಂದಿಂದ ಬರ್ರಿ."

ಅಷ್ಟು ಸಿಟ್ಟಿನಲ್ಲಿದ್ದ ಕಳಕವ್ವ ಜಾಲರಿಯನ್ನು ಕಿತ್ತು ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಮೊಣಕಾಲೂರಿ ಕೂತು, ಹೀರೆಬಳ್ಳಿಯ ಕುಡಿಗಳನ್ನು ಒಂದೊಂದಾಗಿ, ನೂಲಿನ ಸಿಕ್ಕು ಬಿಡಿಸುವ ಹಾಗೆ ಬಿಡಿಸಿದರು. ಪಕ್ಕದಲ್ಲಿ ಒಂದು ಕೋಲು ಊರಿ ಬಳ್ಳಿಯನ್ನು ಅದಕ್ಕೆ ಕಟ್ಟಿದರು. "ಬಳ್ಳಿ ಏನ್ ಮಾಡೇತಿ ಪಾಪ," ಎಂದರು. ಆಮೇಲೆ ಸುನಿಲಕುಮಾರನನ್ನು ಮತ್ತೆ ಬೈದರು.

ವಾಪಸು ಬರುವ ಬಸ್ಸಿನಲ್ಲಿ ಗೆದ್ದವರ ಮುಖ ಅವರದಾಗಿರಲಿಲ್ಲ. ಹಿತ್ತಲಿನಲ್ಲಿ ಸಿಕ್ಕ ಗಾರ್ಡಿನ ಎರಡು ಬೋಲ್ಟುಗಳನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತಿದ್ದರು.

"ತಪ್ಪು ಅವನದೇ ಎಂದು ಗೊತ್ತಾಯಿತಲ್ಲ?" ಎಂದೆ.

"ಅವಂದು ಐತಿ. ನಂದೂ ಐತಿ," ಅವರು ಬಿರುಸಾಗಿ ಹೇಳಿದರು. "ಪಂಕ್ಚರ್ ಆದ್ರ ಗಾಲಿ ಬಿಚ್ಚಾಕ ತ್ರಾಸ ಅಂತ ಪಂಕ್ಚರ್ ಅಂಗಡಿಯವ್ರು ಬೈತಿದ್ರು. ಅವ್ರ ಮಾತ ಕೇಳಿ ಗಾರ್ಡಿಗೆ ಬೋಲ್ಟ್ ಹಾಕಾಕ ಹತ್ತಿದ್ನಿ. ಬೋಲ್ಟ್ ಇದ್ದಲ್ಲೆ ಅದನ್ನ ತಿರುವೂ ಪಾನಾ ಬಂದ ಬರತೈತಿ. ಬಿಚ್ಚಾಕ ಬರೂ ಹಂಗ ಹಚ್ಚಿದಾಕಿ ಯಾರು? ನಾನ! ಗಂಡಸರ ಕೈಯಾಗ ಪಾನಾ ಐತಿ ಅಂಬೂದು ಮರತ್ನಿ." ಪಕ್ಕದಲ್ಲಿ ಕೂತ ಸೌಂದರ್ಯಾಳ ಊದಿದ ಪಾದವನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಗದಗಿನವರೆಗೂ ಇಳಿಸಲಿಲ್ಲ.

ಬೆಟಗೇರಿಗೆ ಬಂದಾಗ ಮಂಜುಳಾ ಖಾಲಿ ಕೂತಿರಲಿಲ್ಲ. ಓಣಿಯ ಅರ್ಧ ಹೆಂಗಸರಿಗೆ ಪಾತ್ರೆ ಕೊಟ್ಟು ಹಳೆ ಬಟ್ಟೆಯ ಗುಡ್ಡವನ್ನೇ ಒಟ್ಟಿದ್ದಾಳೆ. ಶಫೀಕರ ಮನೆಯ ಖಾತುನಬಿಯವರಿಗೂ ಒಂದು ತಪ್ಪೇಲಿ ಮಾರಿ, ಅವರದೇ ಚಹಾ ಕುಡಿಯುತ್ತಿದ್ದಾಳೆ. ಸೌಂದರ್ಯಾ ಆಟೋದಿಂದ ಇಳಿದು ನೇರ ಅವಳ ಎದುರಿಗೆ ಹೋಗಿ ನಿಲ್ಲುತ್ತಾಳೆ. ಚೀಲದಿಂದ ಹಸಿರು ಸೀರೆ ತೆಗೆಯುತ್ತಾಳೆ. ಅಂಚೆಲ್ಲ ಗ್ರೀಸು ಮೆತ್ತಿ ಚಿಂದಿಯಾಗಿದೆ.

"ಫೋಟೋದಾಗ ಬಿದ್ದಾಕಿ ನಾನು. ಕ್ಯಾರಿಯರ್ ಮುರಿದಿಲ್ಲ. ಅಕ್ಕಾರು ಹಚ್ಚಿದ ಗಾರ್ಡ್ ನಮ್ಮ ಮನಿಯವ್ರು ಬಿಚ್ಚಿದ್ರು. ಬಿಚ್ಚಬ್ಯಾಡ್ರಿ ಅಂದ್ನಿ, ಕೇಳಲಿಲ್ಲ."

ಮಂಜುಳಾ ಆ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಾಳೆ. ಆಗ ತಾನೇ ಬಂದು, ಗಾಡಿ ನಿಲ್ಲಿಸಲು ಜಾಗ ಹುಡುಕುವ ನೆಪದಲ್ಲಿ ಮೂಲೆ ಸೇರುತ್ತಿದ್ದ ಸುನಿಲಕುಮಾರನನ್ನೂ ನೋಡುತ್ತಾಳೆ. ಕಡೆಗೆ ತನ್ನ ಗಂಡನ ಕಡೆ. "ಕಂಡ್ರಲ್ಲಾ?"

"ನಾ ಏನ್ ಮಾಡೀನಬೇ?" ಹೊನ್ನೇಶ ಕಂಗಾಲಾಗುತ್ತಾನೆ.

"ಇನ್ನೂ ಮಾಡಿಲ್ಲ. ಬೋಲ್ಟ್ ಅದಾವಲ್ಲ, ಮಾಡತೀರಿ." ಕಳಕವ್ವನ ಕಡೆ ತಿರುಗುತ್ತಾಳೆ. "ಬಿಚ್ಚಾಕ ಬರದಂಗ ಹಚ್ಚತೀರೇನ್ರಿ ಅಕ್ಕಾರ? ಹಚ್ಚಿದ್ರ ಕುಂದರತೀನಿ."

ಇದೇ ಪ್ರಶ್ನೆ ಕಳಕವ್ವನನ್ನು ಬಸ್ಸಿನುದ್ದಕ್ಕೂ ತಿಂದದ್ದು. ಬೆಸೆದುಬಿಟ್ಟರೆ ಪಂಕ್ಚರಿನವನು ಕೊಯ್ದು ಬಿಸಾಡುತ್ತಾನೆ. ಬೋಲ್ಟು ಹಾಕಿದರೆ ಗಂಡ ಬಿಚ್ಚುತ್ತಾನೆ. ಆಗ ಗೇಟಿಗೆ ಬಣ್ಣ ಬಳಿಯುತ್ತಿದ್ದ ಶಫೀಕರು, ತಲೆಯೆತ್ತದೆ, "ಬಾಗಲಾ ತಗೀತಾರ, ಹಾಕ್ತಾರ, ಕಿತ್ಕೊಂಡ ಹೊಕ್ಕಾರೇನು? ಬಿಜಾಗರಿ ಹಾಕವ್ವಾ," ಎನ್ನುತ್ತಾರೆ.

ಕಳಕವ್ವ ಅವರತ್ತ ತಿರುಗುತ್ತಾರೆ. "ಇಷ್ಟ ವರ್ಷ ಬಾಯಾಗ ಏನ್ ಇಟ್ಕೊಂಡಿದ್ದಿ ಭಾಯ್?"

"ನೀ ಮಾತಾಡಾಕ ಬಿಟ್ಟರಲ್ಲ!"

ಹೀಗೆ ಬೆಟಗೇರಿಯ ಓಣಿಯಲ್ಲಿ, ನನ್ನ ಕಣ್ಣೆದುರಿಗೆ, ಸೀರೆ ಗಾರ್ಡಿಗೆ ಬಿಜಾಗರಿ ಬಂತು. ಭೂಮಿಯ ಮೇಲೆ ಇದೇ ಮೊದಲು ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಬೇರೆಲ್ಲೋ ಇದ್ದರೆ ಅವರು ನಮ್ಮನ್ನು ನೋಡಿಯೇ ಮಾಡಿರಬೇಕು. ಗೇಟಿನ ಬಿಜಾಗರಿಯ ಕೀಲನ್ನು ಎರಡೂ ತುದಿಗೆ ಬೆಸೆದದ್ದರಿಂದ ಗಾರ್ಡು ಬಾಗಿಲಿನಂತೆ ತೆರೆಯುತ್ತದೆ, ಗಾಲಿ ಬಿಚ್ಚಲು ದಾರಿ ಬಿಡುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಕಿತ್ತು ಹೀರೆಬಳ್ಳಿಗೆ ಕೊಡಬೇಕೆಂದರೆ ಇಡೀ ಕ್ಯಾರಿಯರನ್ನೇ ಕೊಯ್ಯಬೇಕು. ಕ್ಯಾರಿಯರ್ ಹೋದರೆ ಚೀಲ ಎಲ್ಲಿ ಹೇರುತ್ತಾನೆ? ಹೆಂಡತಿಯ ಜೀವ ಕಾಯದ ಗಂಡಸು ಚೀಲವನ್ನಾದರೂ ಕಾಯುತ್ತಾನೆ. ಕಳಕವ್ವ ಗಂಡಸರನ್ನು ಅಳೆದದ್ದು ಹಾಗೆ.

ಮೊದಲ ಬಿಜಾಗರಿ ಹೊನ್ನೇಶನ ಗಾಡಿಗೆ. ಸುನಿಲಕುಮಾರನದು ಎರಡನೆಯದು, ಅದೂ ಅವನು ಎಲ್ಲರಿಗೂ ಚುರಮರಿ ಹಂಚಿ, ಎಲ್ಲರಿಂದಲೂ ಬೈಸಿಕೊಂಡ ಮೇಲೆ. ಸಂಜೆಯ ಬಿಸಿಲಲ್ಲಿ ಮಂಜುಳಾ ಪಾತ್ರೆಗಳ ನಡುವೆ ಅಡ್ಡ ಕೂರುತ್ತಾಳೆ. ಕಳಕವ್ವ ಅವಳ ಪಾದ ಹಿಡಿದು ಪಟ್ಟಿಯ ಮೇಲಿಡುತ್ತಾರೆ. ಗಾಳಿಗೆ ಹಾರಿದ ಸೀರೆಯ ಅಂಚು ಜಾಲರಿಗೆ ತಾಗಿ ಮರಳುತ್ತದೆ. ಗಾಡಿ ಸದ್ದು ಮಾಡುತ್ತ ಲಕ್ಷ್ಮೇಶ್ವರದ ಕಡೆ ಹೊರಡುತ್ತದೆ. ಓಣಿಯ ತಿರುವಿನಲ್ಲಿ ಮಂಜುಳಾ ಎರಡೂ ಕೈ ಎತ್ತಿ ಬೀಸುತ್ತಾಳೆ. ಹೌದು, ಎರಡೂ ಕೈ. ಇದರಲ್ಲಿ ನನ್ನ ಉತ್ಪ್ರೇಕ್ಷೆ ಒಂದಿಷ್ಟೂ ಇಲ್ಲ.

"ಹಿಡ್ಕೋ ಹುಚ್ಚಿ!" ಎಂದು ಕಳಕವ್ವ ಕಿರುಚುತ್ತಾರೆ.

ಹೊರಡುವ ಮೊದಲು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇದ್ದರೆ ಬರೆಯುತ್ತೇನೆ, ಓದುವವರು ಓದುತ್ತಾರೆ.

ಅವರು ಕೆಂಪು ಬಣ್ಣದ ಕುಂಚವನ್ನು ಒರೆಸಿ ಡಬ್ಬಿಯ ಮೇಲಿಡುತ್ತಾರೆ. "ಐತ್ರಿ ಒಂದು. ಗಾಡಿ ಮಾಡ್ತಾರಲ್ಲ, ಕಂಪನಿಯವ್ರು, ಅವ್ರಾಗ ಒಬ್ಬ ದೊಡ್ಡಾವನಿಗೆ ಒಂದಿನ ಸೀರಿ ಉಡಸ್ಬೇಕು. ಗಾರ್ಡ್ ಇಲ್ಲದ ಗಾಡಿ ಮ್ಯಾಲೆ ಅಡ್ಡ ಕುಂದರ್ಸಿ, ತೊಡಿ ಮ್ಯಾಲೊಂದು ಚೀಲ ಕೊಟ್ಟು, ಇಲ್ಲಿಂದ ಮುಂಡರಗಿ ಮಟ ಕರ್ಕೊಂಡ ಹೋಗ್ಬೇಕು. ಉಟ್ಟ ಸೀರಿ ಉಟ್ಟಂಗ ಇಳೀಬೇಕವ. ಅಷ್ಟ ನನ್ನ ಆಸೆ."

ಮನೆಯೊಳಗಿನಿಂದ ಮಗ್ಗದ ಲಟಕ್ ಲಟಕ್ ಕೇಳುತ್ತಿದೆ. ಕಳಕವ್ವ ಅತ್ತ ತಿರುಗಿ, ಬೆಳಗಿನಿಂದ ಮೊದಲ ಬಾರಿಗೆ ನಗುತ್ತಾರೆ.

"ಸೀರಿ ನಾನ ಕೊಡ್ತೀನಿ ಅಂತ ಬರೀರಿ. ನಮ್ಮ ಮನಿಯವ್ರು ನೇದಿದ್ದು. ಅದನ್ನ ಮಾತ್ರ ಹರೀಬಾರ್ದು ನೋಡ್ರಿ ಅಂವ."